ಮೂರು ಎಂಟಾದ ಉತ್ತರಪತ್ರಿಕೆ: ಬೆಟಗೇರಿಯ ನಾಲ್ಕನೆಯ ತರಗತಿಯ ಒಂದು ಪ್ರಕರಣ

ಸೆಪ್ಟೆಂಬರ್ ತಿಂಗಳ ಪಾಲಕರ ಸಭೆ ಮುಗಿಯುವ ಹೊತ್ತಿಗೆ ಒಬ್ಬ ತಾಯಿ ಕೈಚೀಲದಿಂದ ನಾಲ್ಕು ಮಡಿಕೆ ಮಾಡಿದ ಹಾಳೆಯೊಂದನ್ನು ತೆಗೆದು ನನ್ನ ಮುಂದೆ ಹಿಡಿದರು. "ನಮ್ಮ ಹುಡುಗಿಗೆ ಲೆಕ್ಕದಲ್ಲಿ ಹತ್ತಕ್ಕೆ ಎಂಟು ಬಂದಿದೆ ಟೀಚರ್. ಇನ್ನೆರಡು ಎಲ್ಲಿ ಹೋದವು ಎಂದು ಕೇಳಿದರೆ ಬಾಯಿ ಬಿಡುವುದಿಲ್ಲ. ನೀವಾದರೂ ಹೇಳಿರಿ" ಎಂದರು.

ಅದು ನಾನೇ ತಿದ್ದಿದ ಭಾಗಾಕಾರದ ಕಿರುಪರೀಕ್ಷೆ. ಬಲತುದಿಯ ವೃತ್ತದೊಳಗೆ ನಾನು ಬರೆದಿದ್ದ ಅಂಕ 3. ಅದರ ಎಡಬದಿಯ ಎರಡೂ ಬಾಯಿಗಳನ್ನು ಮುಚ್ಚಿ 8 ಮಾಡಲಾಗಿತ್ತು. ನನ್ನ ಪೆನ್ನಿನ ಕೆಂಪು ಕಡುಗೆಂಪು. ಸೇರಿಸಿದ ಗೆರೆ ತುಸು ಗುಲಾಬಿ. ನಾನು ತಪ್ಪಿಗೆ ಗುರುತು ಹಾಕುವವಳಲ್ಲ, ಸರಿಯಾದುದಕ್ಕೆ ಮಾತ್ರ ಹಾಕುತ್ತೇನೆ. ನನ್ನ ಮೂರು ಸರಿಗುರುತುಗಳ ಜೊತೆಗೆ ಗುಲಾಬಿ ಬಣ್ಣದ ಐದು ಹೊಸ ಗುರುತುಗಳಿದ್ದವು. ಹುಡುಗಿ ವರಾಂಡದ ಕಂಬಕ್ಕೆ ಆತುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದಳು.

"ಎಲ್ಲಿ ಹೋದವು ಎಂದು ನಾನೂ ಅವಳೂ ಕೂಡಿ ಹುಡುಕುತ್ತೇವೆ" ಎಂದಷ್ಟೇ ಹೇಳಿ ಹಾಳೆಯನ್ನು ಮತ್ತೆ ಮಡಚಿ ಕೊಟ್ಟೆ. ಅಂದು ಸಂಜೆ ಸಿಬ್ಬಂದಿ ಕೋಣೆಯಲ್ಲಿ ಇದನ್ನು ಹೇಳಿದಾಗ ಹಿರಿಯ ಸಹೋದ್ಯೋಗಿಯೊಬ್ಬರು ಒಪ್ಪಲಿಲ್ಲ. ಸುಳ್ಳನ್ನು ಅಲ್ಲಿಯೇ ಹಿಡಿಯಬೇಕಿತ್ತು, ಬಿಟ್ಟರೆ ಬೆಳೆಯುತ್ತದೆ ಎಂದರು. ಅವರ ಮಾತಿನಲ್ಲಿ ನ್ಯಾಯವಿತ್ತು. ಆದರೆ ಆ ಹುಡುಗಿಗೆ ಐದು ಗುರುತು ಸೇರಿಸಲೇಬೇಕಾದ ಭಯ ಎಲ್ಲಿಂದ ಬಂತು ಎಂಬುದು ಗೊತ್ತಾಗದೆ ಬೈದಿದ್ದರೆ, ಮುಂದಿನ ಸಲ ಅವಳು ಅದೇ ಬಣ್ಣದ ಪೆನ್ನು ಹುಡುಕುತ್ತಿದ್ದಳು ಎಂದು ನನಗೆ ಅನಿಸಿತು.

ಈ ಪ್ರಕರಣ 2024-25ರ ಶೈಕ್ಷಣಿಕ ವರ್ಷದ್ದು. ಮಗುವಿನ ಹೆಸರನ್ನೂ ಶಾಲೆಯ ಹೆಸರನ್ನೂ ಇಲ್ಲಿ ಹೇಳುವುದಿಲ್ಲ.

ಹುಡುಗಿಯ ಹಿನ್ನೆಲೆ

ಗದಗ-ಬೆಟಗೇರಿ ಅವಳಿ ನಗರದ ಬೆಟಗೇರಿ ನೇಕಾರರ ಊರು. ನಮ್ಮ ಶಾಲೆಯ ಹಲವು ಮಕ್ಕಳ ಮನೆಗಳಲ್ಲಿ ಈಗಲೂ ಮಗ್ಗದ ಸಪ್ಪಳವಿದೆ. ಈ ಹುಡುಗಿಯ ತಾಯಿ ನೇಯುತ್ತಾರೆ. ನೂಲು ತರುವುದು, ಸೀರೆ ಒಯ್ದು ಕೊಡುವುದು, ಕೂಲಿ ತರುವುದು ತಂದೆಯ ಕೆಲಸ. ಅಣ್ಣ ನಮ್ಮ ಶಾಲೆಯಲ್ಲಿಯೇ ಏಳನೆಯ ತರಗತಿಯಲ್ಲಿದ್ದ.

ಅವಳಿಗೆ ಇಪ್ಪತ್ತರವರೆಗೆ ಮಗ್ಗಿ ಬಾಯಿಪಾಠ. ಹದಿನೇಳರ ಮಗ್ಗಿಯನ್ನು ಎಡವದೆ ಹೇಳುವ ನಾಲ್ಕನೆಯ ತರಗತಿಯ ಮಗು ಅಪರೂಪ. ಅತಿಥಿಗಳು ಬಂದರೆ ನಾವು ಅವಳನ್ನೇ ಎಬ್ಬಿಸಿ ನಿಲ್ಲಿಸುತ್ತಿದ್ದೆವು. ಮುಖ್ಯೋಪಾಧ್ಯಾಯರು, ಓಣಿಯ ಹಿರಿಯರು, ಅಪ್ಪ, ಕಾಕಾ, ನಾನು, ಎಲ್ಲರೂ ಒಂದೇ ಮಾತು ಹೇಳುತ್ತಿದ್ದೆವು: "ಶಾಣ್ಯಾ ಹುಡುಗಿ." ಜಾಣ ಎಂಬರ್ಥದ ಈ ಮಾತಿಗೆ ನಮ್ಮ ಕಡೆ ಎಷ್ಟು ತೂಕವಿದೆ ಎಂಬುದು ಇಲ್ಲಿ ಬೆಳೆದವರಿಗೆ ಗೊತ್ತು. ಓಣಿಯಲ್ಲಿ ಮಕ್ಕಳು ಎರಡೇ ಗುಂಪು, ಶಾಣ್ಯಾ ಇಲ್ಲವೇ ದಡ್ಡ. ಯಾವ ಗುಂಪು ಎಂಬುದು ಆರೇಳು ವರ್ಷದೊಳಗೆ ತೀರ್ಮಾನವಾಗಿಬಿಡುತ್ತದೆ. ಆಮೇಲೆ ಆ ತೀರ್ಪನ್ನು ಯಾರೂ ತಿದ್ದಲು ಹೋಗುವುದಿಲ್ಲ.

ಆ ಮನೆಯಲ್ಲಿ ಮಗಳು ಶಾಣ್ಯಾ, ಮಗ ದಡ್ಡ. ಮೂರು ವರ್ಷದ ಹಿಂದೆ ಆ ಹುಡುಗನಿಗೂ ನಾಲ್ಕನೆಯ ತರಗತಿಯಲ್ಲಿ ಲೆಕ್ಕ ಕಲಿಸಿದವಳು ನಾನೇ. ಅವನ ಕುರಿತು ನಾನೂ ಅದೇ ತೀರ್ಪಿಗೆ ಬಂದಿದ್ದೆ.

ಇನ್ನೊಂದು ಸಂಗತಿ ಶಾಲೆಯ ವ್ಯವಸ್ಥೆಗೆ ಸೇರಿದ್ದು. ನಮ್ಮ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದರಿಂದ ಮೂರನೆಯ ತರಗತಿಯವರೆಗೆ ನಲಿ-ಕಲಿ. 1995ರಲ್ಲಿ ಹೆಗ್ಗಡದೇವನಕೋಟೆಯ ಕೆಲವು ಶಾಲೆಗಳಲ್ಲಿ ಯುನಿಸೆಫ್ ನೆರವಿನಿಂದ ಆರಂಭವಾದ ಈ ಪದ್ಧತಿ 2009-10ರ ಹೊತ್ತಿಗೆ ರಾಜ್ಯದ ಎಲ್ಲೆಡೆ ಬಂತು. ಅದರಲ್ಲಿ ಮಗು ಕಲಿಕಾ ಏಣಿಯನ್ನು ತನ್ನ ವೇಗದಲ್ಲಿ ಹತ್ತುತ್ತದೆ. ಒಂದು ಮೆಟ್ಟಿಲು ಆಗದಿದ್ದರೆ ಅಲ್ಲಿಯೇ ಇನ್ನೆರಡು ದಿನ ನಿಲ್ಲುತ್ತದೆ, ತಟ್ಟೆ, ಅಂದರೆ ಕಲಿಯುವ ಗುಂಪು, ಬದಲಿಸಿ ಕೂರುತ್ತದೆ, ಪಕ್ಕದವರ ನೆರವು ಪಡೆಯುತ್ತದೆ. ಮಾಡಿದ್ದು ಕಲಿಕಾ ಚಪ್ಪರದಲ್ಲಿ ತೂಗುತ್ತದೆ. ನಾಲ್ಕನೆಯ ತರಗತಿಗೆ ಬಂದ ದಿನ ಏಣಿ ಹೋಗಿ ಪಠ್ಯಪುಸ್ತಕ ಬರುತ್ತದೆ. ಎಲ್ಲರಿಗೂ ಒಂದೇ ದಿನ ಒಂದೇ ಪಾಠ, ಒಂದೇ ಪರೀಕ್ಷೆ, ಕೆಂಪು ಅಂಕ. ಈ ಜಿಗಿತವನ್ನು ನಾವು ಸಣ್ಣದೆಂದು ತಿಳಿದಿದ್ದೇವೆ. ನನ್ನ ಮಟ್ಟಿಗೆ ಇಡೀ ಪ್ರಾಥಮಿಕ ಹಂತದಲ್ಲಿ ಮಗು ಎದುರಿಸುವ ಅತಿ ಕಷ್ಟದ ತಿರುವು ಇದೇ. ನಿನ್ನೆಯವರೆಗೆ "ಇನ್ನೂ ಆ ಮೆಟ್ಟಿಲಲ್ಲಿದ್ದಾಳೆ" ಎನಿಸಿಕೊಂಡ ಮಗು ಇಂದು "ಮೂರು ಅಂಕದವಳು" ಆಗುತ್ತಾಳೆ.

ಜೂನ್-ಜುಲೈ ತಿಂಗಳಲ್ಲಿ ಸಂಕಲನ, ವ್ಯವಕಲನ, ಗುಣಾಕಾರದವರೆಗೆ ಅವಳೇ ಮುಂದು. ಆಗಸ್ಟಿನಲ್ಲಿ ಮೂರಂಕಿಯ ಭಾಗಾಕಾರ ಬಂತು. ಮಗ್ಗಿ ಗೊತ್ತಿದ್ದರಷ್ಟೇ ಸಾಲದ ಮೊದಲ ಲೆಕ್ಕ ಅದು. ಅಲ್ಲಿಂದ ಅವಳ ನಡವಳಿಕೆ ಬದಲಾಯಿತು. ಲೆಕ್ಕದ ಅವಧಿಗೆ ಸರಿಯಾಗಿ ನೀರು ಕುಡಿಯಲು ಹೋಗುವುದು, ಹೊಟ್ಟೆನೋವು, ಪುಸ್ತಕ ಮರೆತು ಬರುವುದು. ಬರೆಯಲು ಕುಳಿತರೆ ರಬ್ಬರ್ ಕೈಬಿಡುತ್ತಿರಲಿಲ್ಲ. ಅವಳ ನೋಟ್‌ಬುಕ್ಕಿನ ಒಂದು ಪುಟ ನನ್ನ ಕಣ್ಣಿಗೆ ಕಟ್ಟಿದಂತಿದೆ: ಒಂದೇ ಜಾಗದಲ್ಲಿ ಉಜ್ಜಿ ಉಜ್ಜಿ ಹಾಳೆ ಹರಿದು ಕಡಲೆಕಾಳಿನಷ್ಟು ತೂತಾಗಿತ್ತು. ಆ ತೂತಿನ ಸುತ್ತ ಬೂದು ಕಲೆ. ಲೆಕ್ಕ ಮಾತ್ರ ಇರಲಿಲ್ಲ.

ಸಂಶೋಧನೆ ಹೇಳಿದ್ದು, ನಾನು ಅರ್ಥಮಾಡಿಕೊಂಡದ್ದು

ಬೆಳವಣಿಗೆಯ ಮನೋಭಾವ ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಒಂದು ತರಬೇತಿಯಲ್ಲಿ. ಅಮೆರಿಕದ ಮನೋವಿಜ್ಞಾನಿ ಕ್ಯಾರಲ್ ಡ್ವೆಕ್ ಅವರ ಹೆಸರಿನೊಂದಿಗೆ ಬೆಸೆದುಕೊಂಡ ವಿಚಾರ ಅದು. ಬುದ್ಧಿ ಹುಟ್ಟಿನಿಂದ ಬಂದಷ್ಟೇ ಎಂದು ನಂಬಿದ ಮಗು ಕಷ್ಟ ಎದುರಾದಾಗ ಹಿಂಜರಿಯುತ್ತದೆ, ಕಲಿತು ಬೆಳೆಸಿಕೊಳ್ಳಬಹುದು ಎಂದು ನಂಬಿದ ಮಗು ಮುಂದುವರಿಯುತ್ತದೆ ಎಂಬುದು ತಿರುಳು.

ಪಾಲಕರ ಸಭೆಯ ಆ ರಾತ್ರಿ ನನಗೆ ನೆನಪಾದದ್ದು ಕ್ಲಾಡಿಯಾ ಮ್ಯೂಲರ್ ಮತ್ತು ಡ್ವೆಕ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳು. ಐದನೆಯ ತರಗತಿಯ ಮಕ್ಕಳಿಗೆ ಮೊದಲು ಸುಲಭದ ಚಿತ್ರ-ಒಗಟುಗಳನ್ನು ಬಿಡಿಸಲು ಕೊಟ್ಟು, ಕೆಲವರನ್ನು "ನೀನು ಬುದ್ಧಿವಂತ" ಎಂದು, ಕೆಲವರನ್ನು "ಶ್ರಮಪಟ್ಟು ಮಾಡಿದೆ" ಎಂದು ಹೊಗಳಿದರು. ಮುಂದೆ ಯಾವ ಬಗೆಯ ಕೆಲಸ ಬೇಕು ಎಂದು ಕೇಳಿದಾಗ ಬುದ್ಧಿವಂತ ಎನಿಸಿಕೊಂಡವರಲ್ಲಿ ಮೂರರಲ್ಲಿ ಎರಡು ಪಾಲು ಮಕ್ಕಳು ತಮ್ಮ ಜಾಣತನ ಎದ್ದು ಕಾಣುವ ಕೆಲಸವನ್ನು ಆರಿಸಿಕೊಂಡರು. ಶ್ರಮಕ್ಕೆ ಹೊಗಳಿಸಿಕೊಂಡವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಕ್ಕಳು ಹೊಸದು ಕಲಿಯಬಹುದಾದ ಕೆಲಸವನ್ನು ಬಯಸಿದರು. ಆಮೇಲೆ ಎಲ್ಲರಿಗೂ ಕಷ್ಟದ ಒಗಟುಗಳನ್ನು ಕೊಟ್ಟು ಸೋಲುವಂತೆ ಮಾಡಿ, ಬೇರೆ ಶಾಲೆಯ ಮಕ್ಕಳಿಗೆ ತಮ್ಮ ಅಂಕ ಬರೆದು ತಿಳಿಸಲು ಹೇಳಿದರು. ಬುದ್ಧಿವಂತ ಎನಿಸಿಕೊಂಡ ಮಕ್ಕಳಲ್ಲಿ ಹತ್ತಕ್ಕೆ ಸುಮಾರು ನಾಲ್ವರು ಅಂಕವನ್ನು ಹೆಚ್ಚಿಸಿ ಬರೆದರು. ಇನ್ನೊಂದು ಗುಂಪಿನಲ್ಲಿ ಹಾಗೆ ಬರೆದವರು ತೀರ ಕಡಿಮೆ.

ಅಲ್ಲಿ ಮಕ್ಕಳಿಗೆ ಸಿಕ್ಕಿದ್ದು ಒಂದು ಸಲದ ಹೊಗಳಿಕೆ. ನಮ್ಮ ಹುಡುಗಿ ಮೂರು ವರ್ಷದಿಂದ ದಿನಾ ಅದನ್ನೇ ಕೇಳಿಸಿಕೊಂಡಿದ್ದಳು.

ಸೋತ ಮೊದಲ ಪ್ರಯತ್ನ

ಮರುವಾರವೇ ಕೆಲಸ ಆರಂಭಿಸಿದೆ. ಗೋಡೆಗೆ ಬಣ್ಣದ ಹಾಳೆ ಅಂಟಿಸಿ "ನನಗೆ ಬರುವುದಿಲ್ಲ" ಎಂಬುದನ್ನು ಹೊಡೆದುಹಾಕಿ "ನನಗೆ ಇನ್ನೂ ಬಂದಿಲ್ಲ" ಎಂದು ಬರೆದೆ. ಪ್ರಾರ್ಥನೆಯ ನಂತರ ಮಕ್ಕಳೆಲ್ಲ ಅದನ್ನು ಒಕ್ಕೊರಲಿನಿಂದ ಹೇಳುತ್ತಿದ್ದರು. ಮಿದುಳಿನ ನರಕೋಶಗಳ ಕೊಂಡಿಗಳು ಅಭ್ಯಾಸದಿಂದ ಗಟ್ಟಿಯಾಗುತ್ತವೆ ಎಂದು ಚಿತ್ರ ಬಿಡಿಸಿ ತೋರಿಸಿದೆ. ಅದು ಅವರಿಗೆ ಇಷ್ಟವಾಯಿತು.

ಭೀಮಸೇನ ಜೋಶಿಯವರ ಕಥೆ ಹೇಳಿದೆ. ನಮ್ಮ ಗದಗಿನ ನೆಲದಲ್ಲಿ ಬೆಳೆದ ಹುಡುಗ, ಹಾಡು ಕಲಿಯಬೇಕೆಂದು ಎಳವೆಯಲ್ಲೇ ಮನೆ ಬಿಟ್ಟು ಗುರುವನ್ನು ಹುಡುಕುತ್ತ ಉತ್ತರದವರೆಗೆ ಅಲೆದು, ಕೊನೆಗೆ ಇಲ್ಲಿಯೇ ಹತ್ತಿರದ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಬಳಿ ವರ್ಷಗಟ್ಟಲೆ ಕಲಿತದ್ದನ್ನು ವರ್ಣಿಸಿದೆ. ಕಥೆ ಮುಗಿದ ಮೇಲೆ ಹಿಂದಿನ ಸಾಲಿನ ಹುಡುಗ ಎದ್ದು, "ಅವರಿಗೆ ದೇವರೇ ಕಂಠ ಕೊಟ್ಟಿದ್ದನಲ್ಲ ಟೀಚರ್" ಎಂದ. ಉಳಿದವರು ತಲೆಯಾಡಿಸಿದರು. ನಾನು ಶ್ರಮದ ಕಥೆ ಹೇಳಿದ್ದೆ, ಅವರು ವರದ ಕಥೆ ಕೇಳಿಸಿಕೊಂಡಿದ್ದರು. ದೊಡ್ಡವರ ಕಥೆಗಳಿಂದ ಈ ಪಾಠ ಕಲಿಸುವುದು ಕಷ್ಟ ಎಂದು ಅಂದು ತಿಳಿಯಿತು. ಗೆದ್ದು ಮುಗಿದವರ ಸೋಲು ಮಕ್ಕಳಿಗೆ ಸೋಲಿನ ಹಾಗೆ ಕಾಣುವುದೇ ಇಲ್ಲ.

ಹೊಗಳುವ ರೀತಿಯನ್ನೂ ಬದಲಿಸಿದ್ದೆ. ಯಾರು ಏನು ತಪ್ಪು ಬರೆದರೂ "ಚೆನ್ನಾಗಿ ಪ್ರಯತ್ನಿಸಿದೆ" ಎನ್ನುತ್ತಿದ್ದೆ. ಎರಡು ವಾರವಾಗಿರಬಹುದು, ಅವಳ ಬೆಂಚಿನ ಬಳಿ ಹೋಗಿ ಅದೇ ಮಾತು ಹೇಳಿದೆ. ಅವಳು ತಲೆ ಎತ್ತದೆ ಹೇಳಿದಳು: "ನೀವು ತಪ್ಪಾದವರಿಗೆ ಮಾತ್ರ ಹಾಗೆ ಹೇಳುತ್ತೀರಿ ಟೀಚರ್."

ಹತ್ತು ವರ್ಷವೂ ತುಂಬದ ಮಗು ನನ್ನ ಇಡೀ ಪ್ರಯೋಗವನ್ನು ಒಂದು ವಾಕ್ಯದಲ್ಲಿ ಬಿಚ್ಚಿಟ್ಟಿತು. ಸರಿ ಮಾಡಿದವರಿಗೆ "ಸರಿ", ತಪ್ಪು ಮಾಡಿದವರಿಗೆ "ಪ್ರಯತ್ನ". ಮಕ್ಕಳ ಕಿವಿಯಲ್ಲಿ ಪ್ರಯತ್ನ ಎಂಬುದು ದಡ್ಡ ಎಂಬುದರ ಮೃದುವಾದ ಹೆಸರಾಗಿತ್ತು. ಕಲಿಕೆ ಆಗದೆ ಬರಿ ಶ್ರಮವನ್ನು ಹೊಗಳಿ ಸಮಾಧಾನ ಮಾಡುವುದು ತನ್ನ ವಿಚಾರದ ತಪ್ಪು ಬಳಕೆ ಎಂದು ಡ್ವೆಕ್ ಅವರೇ 2015ರ ಸುಮಾರಿಗೆ ಎಚ್ಚರಿಸಿದ್ದರು. ಓದಿದ್ದರೂ ನನಗೆ ಅದು ನಾಟಿರಲಿಲ್ಲ.

ಅದಕ್ಕಿಂತ ದೊಡ್ಡ ಲೋಪ ಇನ್ನೊಂದಿತ್ತು. ಆ ಎರಡು ವಾರ ನಾನು ಅವಳ ಮನಸ್ಸಿನ ಬಗ್ಗೆ ಚಿಂತಿಸಿದೆನೇ ಹೊರತು ಅವಳ ಲೆಕ್ಕವನ್ನು ನೋಡಿರಲಿಲ್ಲ. ಅಂದು ಮನೆಗೆ ಒಯ್ದು ನೋಡಿದೆ. ತಪ್ಪುಗಳು ಎರಡೇ ಬಗೆ. 72 ÷ 3 ಎಂಬಲ್ಲಿ 20 ಎಂದು ಬರೆದಿದ್ದಳು: ಏಳು ಹತ್ತುಗಳನ್ನು ಹಂಚಿ ಉಳಿದ ಒಂದು ಹತ್ತನ್ನು ಬಿಡಿಯ ಜೊತೆ ಕೂಡಿಸದೆ ಕೈಬಿಟ್ಟಿದ್ದಳು. 416 ÷ 4 ಎಂಬಲ್ಲಿ 14 ಎಂದು ಬರೆದಿದ್ದಳು: ನಾಲ್ಕರಲ್ಲಿ ಒಂದು ಸಲ, ಒಂದರಲ್ಲಿ ಹೋಗುವುದಿಲ್ಲ, ಹದಿನಾರರಲ್ಲಿ ನಾಲ್ಕು ಸಲ. ಮಗ್ಗಿ ಎಲ್ಲಿಯೂ ತಪ್ಪಿಲ್ಲ. "ಹೋಗುವುದಿಲ್ಲ" ಎಂಬುದಕ್ಕೂ ಒಂದು ಜಾಗ ಬೇಕು, ಆ ಜಾಗದಲ್ಲಿ ಸೊನ್ನೆ ಕೂರಬೇಕು ಎಂಬುದನ್ನು ಅವಳಿಗೆ ಯಾರೂ ಕಾಣಿಸಿಕೊಟ್ಟಿರಲಿಲ್ಲ. ಯಾರೂ ಎಂದರೆ ನಾನು.

ಮಗ್ಗದ ಮುಂದೆ

ದಸರಾ ರಜೆಯಲ್ಲಿ ಒಂದು ಸಂಜೆ ಅವಳ ಮನೆಗೆ ಹೋದೆ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲಿಳಿಬಿಟ್ಟು ತಾಯಿ ನೇಯುತ್ತಿದ್ದರು. ಅಣ್ಣ ಮೂಲೆಯಲ್ಲಿ ರಾಟೆಯ ಮುಂದೆ ಕುಳಿತು ಕಂಡಿಕೆ, ಅಂದರೆ ಲಾಳಿಯೊಳಗೆ ಕೂರುವ ನೂಲಿನ ಸುರುಳಿ, ಸುತ್ತುತ್ತಿದ್ದ. ಹುಡುಗಿ ನನ್ನನ್ನು ಕಂಡು ಒಳಗೆ ಓಡಿ, ಚಹಾ ತರುವ ನೆಪದಲ್ಲಿ ಮತ್ತೆ ಬಂದಳು.

ಮಾತಾಡುತ್ತಿದ್ದಂತೆ ಹಾಸಿನ, ಅಂದರೆ ಮಗ್ಗದ ಉದ್ದ ನೂಲಿನ, ಒಂದು ಎಳೆ ಹರಿಯಿತು. ತಾಯಿ ಮಾತು ನಿಲ್ಲಿಸಲಿಲ್ಲ, ಮಗ್ಗ ನಿಲ್ಲಿಸಿದರು. ಬಗ್ಗಿ ಹರಿದ ತುದಿ ಹುಡುಕಿದರು, ಬೆರಳನ್ನು ನಾಲಿಗೆಗೆ ತಾಗಿಸಿ ಇನ್ನೊಂದು ತುಂಡು ಎಳೆ ಸೇರಿಸಿ ಹೊಸೆದರು, ಹಣಿಗೆಯ ಹಲ್ಲಿನೊಳಗಿಂದ ದಾಟಿಸಿ ಎಳೆದು ಬಿಗಿ ನೋಡಿದರು. ಲಾಳಿ ಮತ್ತೆ ಓಡಿತು.

"ದಿನಕ್ಕೆ ಎಷ್ಟು ಸಲ ಹರಿಯುತ್ತದೆ ಅಕ್ಕಾ?" ಎಂದೆ.

"ಅದನ್ನು ಯಾರು ಎಣಿಸುತ್ತಾರೆ ಟೀಚರ್? ಹರಿದಾಗ ಹಚ್ಚುವುದು."

"ಮೊದಮೊದಲೂ ಹೀಗೆಯೇ ಹಚ್ಚುತ್ತಿದ್ದಿರಾ?"

ಅವರು ನಕ್ಕರು. "ಎಲ್ಲಿ? ಮದುವೆಯಾಗಿ ಬಂದಾಗ ನನಗೆ ಕಂಡಿಕೆ ಸುತ್ತಲೂ ಬರುತ್ತಿರಲಿಲ್ಲ. ನಾನು ಸುತ್ತಿದ್ದು ಸಡಿಲಾಗಿ ಲಾಳಿಯೊಳಗೆ ಸಿಕ್ಕು ಬೀಳುತ್ತಿತ್ತು. ನಮ್ಮ ಅತ್ತೆ ಅದನ್ನು ಪೂರಾ ಬಿಚ್ಚಿ ನನ್ನ ಕೈಗೇ ಕೊಡುತ್ತಿದ್ದರು. ಎಲ್ಲಿ ಸಡಿಲು ಬಿಟ್ಟೆ ಎಂದು ಬೆರಳಿಟ್ಟು ತೋರಿಸುತ್ತಿದ್ದರು. ಕೈ ಪಳಗಲು ಒಂದು ವರ್ಷ ಹಿಡಿಯಿತು."

ಬಾಗಿಲಲ್ಲಿ ನಿಂತಿದ್ದ ಹುಡುಗಿ ಕೇಳಿದಳು: "ಅವ್ವಾ, ನಿನಗೂ ಬರುತ್ತಿರಲಿಲ್ಲವೇ?"

ಅವಳ ಪಾಲಿಗೆ ಅವ್ವ ಹುಟ್ಟಿದಾಗಿನಿಂದಲೇ ನೇಕಾರಳು. ಭೀಮಸೇನ ಜೋಶಿಯವರಿಂದ ಆಗದ ಕೆಲಸ ಅತ್ತೆ ಬಿಚ್ಚಿದ ಕಂಡಿಕೆಯಿಂದ ಆಯಿತು. ಆ ಅತ್ತೆ ಮಾಡಿದ್ದನ್ನು ಗಮನಿಸಬೇಕು. ಸೊಸೆಯನ್ನು ದಡ್ಡಿ ಎನ್ನಲಿಲ್ಲ, "ಚೆನ್ನಾಗಿ ಪ್ರಯತ್ನಿಸಿದೆ" ಎಂದೂ ಹೇಳಲಿಲ್ಲ. ಬೆರಳಿಟ್ಟು ತೋರಿಸಿ, ಬಿಚ್ಚಿ, ಮತ್ತೆ ಅವರ ಕೈಗೇ ಕೊಟ್ಟರು.

ಮರಳುವಾಗ ದಾರಿಯುದ್ದಕ್ಕೂ ನಮ್ಮ ಭಾಷೆಯ ಬಗ್ಗೆಯೇ ಯೋಚಿಸಿದೆ. ಕನ್ನಡದಲ್ಲಿ ವಿದ್ಯೆ "ಬರುತ್ತದೆ". ಲೆಕ್ಕ ಬರುತ್ತದೆ, ಈಜು ಬರುತ್ತದೆ, ಹಾಡು ಬರುತ್ತದೆ. ಅದು ಅತಿಥಿಯ ಹಾಗೆ ತಾನಾಗಿ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ ಎಂದು ಮಗು ತಿಳಿದರೆ ಅಚ್ಚರಿಯಿಲ್ಲ. ಆದರೆ ಅದೇ ಭಾಷೆಯಲ್ಲಿ ಕೈ ಪಳಗುತ್ತದೆ, ಕೈ ಕುದುರುತ್ತದೆ, ರೂಢಿಯಾಗುತ್ತದೆ. ಇವೆಲ್ಲ ದುಡಿಯುವವರ ಮಾತುಗಳು, ಬೆಟಗೇರಿಯ ಪ್ರತಿ ಮನೆಯಲ್ಲಿ ದಿನಾ ಆಡುವ ಮಾತುಗಳು. ಗೋಡೆಯ ಘೋಷವಾಕ್ಯ ಕಿತ್ತು ಹಾಕಿದೆ. ರಜೆ ಮುಗಿದ ಮೇಲೆ ತರಗತಿಯಲ್ಲಿ "ಭಾಗಾಕಾರದಲ್ಲಿ ಇನ್ನೂ ಕೈ ಪಳಗಬೇಕು" ಎಂದಾಗ ಯಾರಿಗೂ ಅರ್ಥ ಬಿಡಿಸಿ ಹೇಳಬೇಕಾಗಲಿಲ್ಲ.

ಅಂದು ಇನ್ನೊಂದನ್ನೂ ಕಂಡೆ. ಅಣ್ಣ ಸುತ್ತಿದ ಕಂಡಿಕೆಗಳು ಬುಟ್ಟಿಯಲ್ಲಿದ್ದವು, ಒಂದೇ ಅಳತೆ, ಒಂದೇ ಬಿಗಿ. "ಇವನ ಕಂಡಿಕೆ ಲಾಳಿಯಲ್ಲಿ ಎಂದೂ ಸಿಕ್ಕು ಬೀಳುವುದಿಲ್ಲ" ಎಂದರು ತಾಯಿ. ಹೊರಗಿನಿಂದ ಆಗಷ್ಟೇ ಬಂದ ತಂದೆ, "ಇದೊಂದು ಬರುತ್ತದೆ, ಓದಿನಲ್ಲಿ ದಡ್ಡ" ಎಂದರು. ಹುಡುಗ ರಾಟೆ ತಿರುಗಿಸುತ್ತಲೇ ಇದ್ದ.

ರಜೆಯ ನಂತರ

ಮೊದಲು ಆ ಹಾಳೆಯ ವಿಷಯ ಮುಗಿಸಬೇಕಿತ್ತು. ಊಟದ ಬಿಡುವಿನಲ್ಲಿ ಅವಳನ್ನು ಕರೆದು ಹೇಳಿದೆ: "ಆ ಗುಲಾಬಿ ಗೆರೆ ನನಗೆ ಅಂದೇ ಕಂಡಿತ್ತು. ಹಾಗೆ ಮಾಡಿದ್ದು ತಪ್ಪು, ಅದನ್ನು ಅವ್ವನಿಗೆ ನೀನೇ ಹೇಳಬೇಕು, ನಾನು ಜೊತೆಗಿರುತ್ತೇನೆ. ಆದರೆ ಏಕೆ ಮಾಡಿದೆ ಎಂಬುದು ನನಗೆ ಬೇಕು." ಬಹಳ ಹೊತ್ತು ಲಂಗದ ಅಂಚು ಮಡಚುತ್ತ ನಿಂತಳು. ಆಮೇಲೆ ಹೇಳಿದಳು: "ಮೂರು ಬಂದದ್ದು ನೋಡಿದರೆ ನಾನೂ ಅಣ್ಣನ ಹಾಗೆ ಎನ್ನುತ್ತಾರೆ."

ಅಂಕ ಕಡಿಮೆಯಾದದ್ದಕ್ಕಿಂತ ಗುಂಪು ಬದಲಾಗುವ ಭಯ ಅದು. ಮನೆಯಲ್ಲಿ ಎರಡು ಗುಂಪುಗಳಿದ್ದು, ಒಂದರಲ್ಲಿ ಅಣ್ಣ ಏನನ್ನು ಅನುಭವಿಸುತ್ತಿದ್ದಾನೆ ಎಂಬುದನ್ನು ಕಣ್ಣಾರೆ ಕಂಡ ಮಗು ಇನ್ನೊಂದು ಗುಂಪಿನಿಂದ ಜಾರದಂತೆ ಏನನ್ನಾದರೂ ಮಾಡುತ್ತದೆ. ನವೆಂಬರ್ ಮೊದಲ ವಾರ ತಾಯಿಗೆ ಹೇಳಿದಳು. ತಾಯಿ ಅತ್ತರು, ಬೈಯಲಿಲ್ಲ.

ಲೆಕ್ಕವನ್ನು ಕಡ್ಡಿಕಟ್ಟಿನಿಂದ ಮತ್ತೆ ಆರಂಭಿಸಿದೆ. ನಲಿ-ಕಲಿಯ ಕೋಣೆಯಿಂದ ನೂರರ, ಹತ್ತರ ಕಟ್ಟುಗಳನ್ನೂ ಬಿಡಿ ಕಡ್ಡಿಗಳನ್ನೂ ತಂದೆ. 416 ಕಡ್ಡಿ, ನಾಲ್ಕು ಮಕ್ಕಳು. ನಾಲ್ಕು ನೂರರ ಕಟ್ಟು, ತಲೆಗೊಂದು. ಉಳಿದದ್ದು ಹತ್ತರ ಒಂದೇ ಕಟ್ಟು ಮತ್ತು ಆರು ಬಿಡಿ. "ಈ ಹತ್ತರ ಕಟ್ಟು ಯಾರಿಗೆ?" ಎಂದೆ. "ಯಾರಿಗೂ ಇಲ್ಲ." "ಹಾಗಾದರೆ ನಿನ್ನ ಕೈಯಲ್ಲಿ ಹತ್ತರ ಕಟ್ಟು ಎಷ್ಟು?" "ಸೊನ್ನೆ." ಕಟ್ಟು ಬಿಚ್ಚಿದೆವು, ಹದಿನಾರು ಬಿಡಿ, ತಲೆಗೆ ನಾಲ್ಕು. ಅವಳು ತನ್ನ ಮುಂದಿದ್ದುದನ್ನು ನೋಡಿದಳು: ಒಂದು ನೂರರ ಕಟ್ಟು, ನಾಲ್ಕು ಕಡ್ಡಿ, ನಡುವೆ ಖಾಲಿ ನೆಲ. ಆ ಖಾಲಿ ನೆಲದ ಮೇಲೆ ಬೆರಳಿಟ್ಟು "ಇಲ್ಲಿ ಸೊನ್ನೆ" ಎಂದಳು. ಮನೋಭಾವದ ಬಗ್ಗೆ ನಾನು ಅಂದು ಒಂದು ಮಾತೂ ಆಡಲಿಲ್ಲ.

ತಿದ್ದುವ ಕ್ರಮ ಬದಲಿಸಿದೆ. ದಿನನಿತ್ಯದ ಲೆಕ್ಕಕ್ಕೆ ಅಂಕ ಕೊಡುವುದನ್ನು ಬಿಟ್ಟು, ಎಲ್ಲಿಯವರೆಗೆ ಸರಿ ಇದೆಯೋ ಅಲ್ಲಿಯವರೆಗೆ ಪಕ್ಕದಲ್ಲಿ ಹಸಿರು ಗೆರೆ ಎಳೆದು, ದಾರಿ ತಪ್ಪಿದ ಜಾಗದಲ್ಲಿ ಒಂದು ಚುಕ್ಕೆ ಇಡತೊಡಗಿದೆ. ಮಗು ಆ ಚುಕ್ಕೆಯಿಂದ ಮುಂದುವರಿಸಬೇಕು. ಸಮಯ ಹೆಚ್ಚು ಹಿಡಿಯುತ್ತದೆ. ಮೂವತ್ತು ನೋಟ್‌ಬುಕ್ಕು ತಿದ್ದುವವರಿಗೆ ಇದು ಸಣ್ಣ ಮಾತಲ್ಲ. ವಾರಕ್ಕೆ ಎರಡು ದಿನ ಮಾತ್ರ ಹೀಗೆ ತಿದ್ದಿ, ಉಳಿದ ದಿನ ಮಕ್ಕಳೇ ಗುಣಿಸಿ ತಾಳೆ ನೋಡುವಂತೆ ಮಾಡಿದೆ. ಭಾಗಾಕಾರಕ್ಕೆ ಆರು ಮೆಟ್ಟಿಲಿನ ಏಣಿಯೊಂದನ್ನು ಪ್ರತಿ ಮಗುವಿನ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದುಕೊಟ್ಟೆ. ಗೋಡೆಗೆ ಹಾಕಲಿಲ್ಲ. ಅಂಕಕ್ಕೆ ಒಗ್ಗಿದ ಮಕ್ಕಳು ಗೋಡೆಯ ಮೇಲೆ ಯಾರು ಮೇಲಿದ್ದಾರೆ ಎಂಬುದನ್ನೇ ಓದುತ್ತಾರೆ.

ದಿನಾ ಬೆಳಿಗ್ಗೆ ಒಂದು ತಪ್ಪು ಲೆಕ್ಕವನ್ನು ಹೆಸರಿಲ್ಲದೆ ಹಲಗೆಯ ಮೇಲೆ ಬರೆದು, ಬರೆದವರು ಏನು ಯೋಚಿಸಿರಬಹುದು ಎಂದು ಕೇಳುತ್ತಿದ್ದೆ. 416 ÷ 4 = 14 ಬರೆದ ದಿನ ಎಂಟು-ಹತ್ತು ಮಕ್ಕಳ ಮುಖದಲ್ಲಿ ತಮ್ಮದೇ ಎಂಬ ಭಾವವಿತ್ತು. ಆ ತಪ್ಪು ತನ್ನೊಬ್ಬಳದೇ ಅಲ್ಲ ಎಂದು ಅವಳಿಗೆ ತಿಳಿದದ್ದು ಅಂದು. ನನಗೆ ಅದು ಈ ಇಡೀ ವರ್ಷದ ಅತ್ಯುತ್ತಮ ಹತ್ತು ನಿಮಿಷ.

ರಬ್ಬರ್ ವಿಷಯದಲ್ಲಿ ಎಡವಿದೆ. ಲೆಕ್ಕದ ಅವಧಿಯಲ್ಲಿ ಯಾರೂ ರಬ್ಬರ್ ಬಳಸಬಾರದು ಎಂದು ನಿಯಮ ಮಾಡಿದೆ. ಅವಳು ಎರಡು ದಿನ ಪೆನ್ಸಿಲ್ ಮುಟ್ಟಲಿಲ್ಲ, ಮೂರನೆಯ ದಿನ ಶಾಲೆಗೇ ಬರಲಿಲ್ಲ. ತಪ್ಪು ಕಾಣಿಸಿದರೆ ಏನೂ ಆಗುವುದಿಲ್ಲ ಎಂಬ ನಂಬಿಕೆ ಬರುವ ಮೊದಲೇ ಅಳಿಸುವ ಹಕ್ಕನ್ನು ಕಿತ್ತುಕೊಂಡಿದ್ದೆ. ರಬ್ಬರ್ ಹಿಂದಿರುಗಿಸಿ, ಎಡ ಪುಟ ಕಚ್ಚಾ ಪುಟ, ಅಲ್ಲಿ ಅಳಿಸುವುದು ಬೇಡ. ಬಲ ಪುಟದಲ್ಲಿ ನಿಮ್ಮಿಷ್ಟ ಎಂದೆ. ಜನವರಿಯ ಹೊತ್ತಿಗೆ ಅವಳ ಎಡ ಪುಟಗಳು ತುಂಬತೊಡಗಿದವು.

"ಶಾಣ್ಯಾ" ಎಂಬ ಮಾತನ್ನು ನಾನು ಬಿಟ್ಟೆ. ಅದರ ಬದಲು ಕಂಡದ್ದನ್ನು ಹೇಳುತ್ತಿದ್ದೆ: ಉಳಿದ ಹತ್ತನ್ನು ಈ ಸಲ ಕೆಳಗೆ ಇಳಿಸಿದೆ, ತಾಳೆ ನೋಡಿ ತಪ್ಪನ್ನು ನೀನೇ ಹಿಡಿದೆ. ಸರಿ ಮಾಡಿದವರಿಗೂ ಹೀಗೆಯೇ ಹೇಳಿದೆ, ಇಲ್ಲದಿದ್ದರೆ ಮತ್ತೆ ಹಳೆಯ ಕಥೆ. ಸಹೋದ್ಯೋಗಿಗಳಲ್ಲಿ ಇಬ್ಬರು ಜೊತೆಗೂಡಿದರು, ಉಳಿದವರಿಗೆ ಇದು ಅತಿರೇಕ ಎನಿಸಿತು. ತಂದೆಯ ಬಾಯಿಯಿಂದ ಮಾತ್ರ ಆ ಎರಡು ಪದಗಳನ್ನು ಬಿಡಿಸಲು ಆಗಲಿಲ್ಲ. ಮೂರು ಸಲ ಮಾತಾಡಿದ್ದೇನೆ. ಅವರು ಗೌರವದಿಂದ ಕೇಳುತ್ತಾರೆ, "ಹೌದ್ರಿ ಟೀಚರ್" ಎನ್ನುತ್ತಾರೆ, ಮರುಗಳಿಗೆಯಲ್ಲಿ ಅದೇ ಮಾತು.

ಎಷ್ಟು ಬದಲಾಯಿತು

ಹತ್ತು ಅಂಕದ ಕಿರುಪರೀಕ್ಷೆಗಳಲ್ಲಿ ಅವಳಿಗೆ ಬಂದದ್ದು ನವೆಂಬರಿನಲ್ಲಿ 5, ಡಿಸೆಂಬರಿನಲ್ಲಿ 4, ಫೆಬ್ರುವರಿಯಲ್ಲಿ 7. ಡಿಸೆಂಬರಿನ ನಾಲ್ಕನ್ನು ಅವಳು ತಿದ್ದಲಿಲ್ಲ, ಮನೆಯಲ್ಲಿ ತೋರಿಸಿದಳು. ನನಗೆ ಫೆಬ್ರುವರಿಯ ಏಳಕ್ಕಿಂತ ಆ ನಾಲ್ಕು ಹೆಚ್ಚಿನದು. ಹೊಟ್ಟೆನೋವು ನಿಂತಿತು. ಕಷ್ಟದ ಲೆಕ್ಕ ಬೇಕೋ ಸುಲಭದ್ದು ಬೇಕೋ ಎಂದರೆ ಈಗಲೂ ಕೆಲವು ದಿನ ಸುಲಭದ್ದೇ ಕೇಳುತ್ತಾಳೆ. ಕನ್ನಡ ಪ್ರಬಂಧ ಬರೆಯುವಾಗ ಹಳೆಯ ಭಯ ಹಾಗೆಯೇ ಇದೆ.

ಇದರಲ್ಲಿ ಎಷ್ಟು ಕಡ್ಡಿಕಟ್ಟಿನಿಂದ, ಎಷ್ಟು ಮನೋಭಾವದಿಂದ ಎಂದು ಬೇರ್ಪಡಿಸಲು ಒಂದು ಮಗುವಿನ ಪ್ರಕರಣದಿಂದ ಸಾಧ್ಯವಿಲ್ಲ. ದೊಡ್ಡ ಅಧ್ಯಯನಗಳೂ ಉಬ್ಬಿಸಿ ಹೇಳುವುದಿಲ್ಲ. 2018ರಲ್ಲಿ ಬಂದ, ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ ಒಟ್ಟಾರೆ ಪರಿಣಾಮ ಸಣ್ಣದು ಎಂದಿತು. ಬಡ ಕುಟುಂಬಗಳ ಮಕ್ಕಳಿಗೆ ಸ್ವಲ್ಪ ಹೆಚ್ಚು ಲಾಭವಿರಬಹುದು ಎಂದೂ ಸೂಚಿಸಿತು. 2019ರಲ್ಲಿ ಅಮೆರಿಕದ ಸುಮಾರು 12 ಸಾವಿರ ಒಂಬತ್ತನೆಯ ತರಗತಿಯ ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ ಒಂದು ಗಂಟೆಗೂ ಕಡಿಮೆ ಅವಧಿಯ ಆನ್‌ಲೈನ್ ಪಾಠದಿಂದ ಹಿಂದುಳಿದ ಮಕ್ಕಳ ಸರಾಸರಿ ಶ್ರೇಣಿ ನಾಲ್ಕು ಅಂಕದ ಮಾಪನದಲ್ಲಿ 0.1ರಷ್ಟು ಏರಿತು. ಸವಾಲನ್ನು ಎದುರಿಸುವುದನ್ನು ಸಹಪಾಠಿಗಳು ಮೆಚ್ಚುವ ಶಾಲೆಗಳಲ್ಲಿ ಪರಿಣಾಮ ಹೆಚ್ಚಾಗಿ ಕಂಡಿತು. ಹಲಗೆಯ ಮೇಲಿನ ಆ ಹತ್ತು ನಿಮಿಷಕ್ಕೆ ನಾನು ಇಷ್ಟು ಬೆಲೆ ಕೊಡುವುದು ಅದಕ್ಕಾಗಿಯೇ. ತಪ್ಪನ್ನು ಕಂಡು ಪಕ್ಕದವರು ನಗುವ ಕೋಣೆಯಲ್ಲಿ ಒಂದು ಮಗುವಿಗೆ ಮಾತ್ರ ಧೈರ್ಯ ಹೇಳಿ ಪ್ರಯೋಜನವಿಲ್ಲ.

ಏಪ್ರಿಲ್‌ನಲ್ಲಿ ಫಲಿತಾಂಶದ ದಿನ ತಾಯಿ ಮಗ್ಗ ಬಿಟ್ಟು ಬರಲಾಗದೆ ಅಣ್ಣನನ್ನು ಕಳಿಸಿದ್ದರು. ಸಹಿ ಮಾಡುವವರೆಗೆ ಅವನು ಮೇಜಿನ ಮೇಲಿದ್ದ ತಂಗಿಯ ನೋಟ್‌ಬುಕ್ಕು ತಿರುವುತ್ತ ನಿಂತ. ಎಡ ಪುಟದ ಒಂದು ಲೆಕ್ಕದ ಬಳಿ ಅವನ ಬೆರಳು ನಿಂತಿತು: 612 ÷ 3, ಮೊದಲು 24, ಪಕ್ಕದಲ್ಲಿ ಗುಣಿಸಿ ನೋಡಿದ 72, ಅದರ ಮೇಲೆ ಒಂದು ಅಡ್ಡಗೆರೆ, ಕೆಳಗೆ 204.

"ಇವಳ ತಪ್ಪನ್ನು ಹಾಗೆಯೇ ಉಳಿಸಿದ್ದೀರಲ್ಲ ಟೀಚರ್" ಎಂದ. "ನನಗೆ ಎಲ್ಲ ಅಳಿಸಿ, ಸರಿ ಉತ್ತರವನ್ನು ಹತ್ತು ಸಲ ಬರೆಯಲು ಹೇಳುತ್ತಿದ್ದಿರಿ."

ಹೌದು, ಹಾಗೆಯೇ ಹೇಳುತ್ತಿದ್ದೆ ಎಂದೆ. ಅದು ನನ್ನ ತಪ್ಪು ಎಂದೂ ಹೇಳಿದೆ. ಅವನು ಏನೂ ಹೇಳದೆ ಅಂಕಪಟ್ಟಿ ತೆಗೆದುಕೊಂಡು ಹೋದ.

ಜೂನ್‌ನಿಂದ ಅವನು ಬೇರೆ ಶಾಲೆಯಲ್ಲಿ ಎಂಟನೆಯ ತರಗತಿ. ಶನಿವಾರ ಶಾಲೆ ಬಿಟ್ಟ ಮೇಲೆ ನಮ್ಮಲ್ಲಿಗೆ ಬಾ ಎಂದು ತಂಗಿಯ ಕೈಯಲ್ಲಿ ಹೇಳಿ ಕಳಿಸಿದ್ದೆ. ಎರಡು ಶನಿವಾರ ಬಂದಿದ್ದಾನೆ. ಭಾಗಾಕಾರದಿಂದಲೇ ಆರಂಭಿಸಿದ್ದೇವೆ, ಕಡ್ಡಿಕಟ್ಟು ಇಟ್ಟುಕೊಂಡು.